ಇಂಜಿನ್ ಬಿಚ್ಚಿ ಕಟ್ಟಿಸಿದ ಮೇಲೆ ಹಳದಿ ದೀಪ ಉರಿದರೆ

ಮಳೆಗಾಲಕ್ಕೆ ಮುನ್ನ ಕಾರಿನ ಹೆಡ್ ಇಳಿಸಿ, ಟೈಮಿಂಗ್ ಬೆಲ್ಟ್ ಹೊಸದು ಹಾಕಿಸಿ ತಂದಿರುತ್ತೀರಿ. ಇಂಜಿನ್ ಚಿತ್ರದ ಹಳದಿ ದೀಪ ಮಾತ್ರ ಆರುವುದಿಲ್ಲ. ಬ್ಯಾಟರಿ ವೈರು ಕಳಚಿ ದೀಪ ಆರಿಸುವವರಿದ್ದಾರೆ. ಹಾಗೆ ಮಾಡಿದರೆ ದೋಷದ ದಾಖಲೆಯೂ ಅಳಿಸಿಹೋಗಬಹುದು.

ಮೊದಲು ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೊಳ್ಳುವುದು ಒಳ್ಳೆಯದು. ಪೆಟ್ರೋಲ್ ಗಾಡಿಯಲ್ಲಿ ಪಿ 0171 ಬಂದರೆ ಇಂಧನಕ್ಕಿಂತ ಗಾಳಿ ಹೆಚ್ಚಾಗಿದೆ ಎಂದರ್ಥ. ಗಾಳಿಯ ಹೋಸ್‌ಪೈಪು ಸಡಿಲವಿದೆಯೇ, ಸೆನ್ಸರಿನ ಪ್ಲಗ್ ಸಿಕ್ಕಿಸಲು ಮರೆತಿದ್ದಾರೆಯೇ ನೋಡಿಸಿ.

ಪಿ 0016 ಬಂದರೆ ಗಾಡಿ ಓಡಿಸಬೇಡಿ. ಕ್ರ್ಯಾಂಕ್, ಕ್ಯಾಮ್ ಶಾಫ್ಟುಗಳ ಹೊಂದಾಣಿಕೆ ತಪ್ಪಿದೆ. ಬೆಲ್ಟ್ ಒಂದು ಹಲ್ಲು ಆಚೀಚೆ ಕೂತರೂ ಹೀಗಾಗಬಹುದು. ಇನ್ನೂ ಜಾರಿದರೆ ಅನೇಕ ಇಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ, ಮಾಡಿಸಿದ ಖರ್ಚೆಲ್ಲ ನೀರಿನಲ್ಲಿ ಹೋಮ. ಸೆನ್ಸರಿನದೇ ದೋಷವೂ ಇದ್ದೀತು. ಆದರೂ ಟೈಮಿಂಗ್ ಗುರುತು ನೋಡಿಸಿದ ಮೇಲೆಯೇ ಸ್ಟಾರ್ಟ್ ಮಾಡತಕ್ಕದ್ದು.