ಬೀದಿ ದೀಪಕ್ಕೆ ಹೆದರಿದ ಸೇವಂತಿಗೆ ಬೀರು ಸೇರಿತು!

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೂ ಮಾರುವ ಅಕ್ಕನಿಗೆ ಎರಡು ವರ್ಷದ ಕೆಳಗೆ ದೊಡ್ಡ ತಲೆನೋವು. ಮನೆ ಮುಂದಿನ 8 ಕುಂಡಗಳಲ್ಲಿ ಸೇವಂತಿಗೆ ಸೊಂಪಾಗಿ ಬೆಳೆದಿತ್ತು. ಎಲೆಗೇನೂ ಬರವಿಲ್ಲ. ಆದರೆ ದೀಪಾವಳಿ ಬಂದರೂ ಒಂದು ಮೊಗ್ಗಿಲ್ಲ! ಗೊಬ್ಬರ ಹಾಕಿದ್ದಾಯ್ತು, ದೃಷ್ಟಿ ತೆಗೆದಿದ್ದೂ ಆಯ್ತು. ಹಬ್ಬದ ದಿನ ದುಬಾರಿ ಹೂ ಕೊಂಡು ಮಾರಿದರೆ ಮಿಗುವುದೇನು?

ಕಳ್ಳ ಇದ್ದದ್ದು ತಲೆಯ ಮೇಲೇ. ಆ ವರ್ಷ ಮನೆ ಮುಂದಿನ ಕಂಬಕ್ಕೆ ಹಾಕಿದ್ದ ಹೊಸ ಎಲ್.ಇ.ಡಿ. ದೀಪ!

ಸೇವಂತಿಗೆ ರಾತ್ರಿಯನ್ನು ಎಣಿಸುವ ಗಿಡ. ರಾತ್ರಿ ಉದ್ದವಾದರೇನೇ ಮೊಗ್ಗು. ನಡುವೆ ಬೆಳಕು ಬಿತ್ತೋ, ಲೆಕ್ಕ ತಪ್ಪಿತು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೂವಿನ ಹೊಲದಲ್ಲಿ ಸಾಲು ಬಲ್ಬು ಉರಿಯುವುದನ್ನು ನೋಡಿರಬಹುದು. ಅದು ಜಾತ್ರೆಯಲ್ಲ ಸ್ವಾಮಿ! ಗಿಡ ಬೇಗ ಮೊಗ್ಗಿಗೆ ಬಾರದೆ ಚೆನ್ನಾಗಿ ಬೆಳೆಯಲಿ ಅಂತ ರೈತರು ಬೇಕೆಂದೇ ಉರಿಸುವ ದೀಪ.

1918ರಲ್ಲಿ ಅಮೆರಿಕದ ಆರ್ಲಿಂಗ್ಟನ್‌ನಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪು, ಸೋಯಾ ಗಿಡಗಳನ್ನು ಸಂಜೆ 4ಕ್ಕೆ ಕತ್ತಲ ಗೂಡಿಗೆ ಸೇರಿಸಿ, ಬೆಳಿಗ್ಗೆ 9ಕ್ಕೆ ಹೊರತೆಗೆದು ಹಗಲು-ರಾತ್ರಿಯ ಅಳತೆಗೂ ಹೂವಿಗೂ ಇರುವ ನಂಟನ್ನು ಕಂಡುಕೊಂಡರು. ನಮ್ಮ ಅಕ್ಕ ಮಾಡಿದ್ದೂ ಅದನ್ನೇ.

ಮರಗೆಲಸದ ತಮ್ಮ ಗುಜರಿಯಿಂದ ಹಳೇ ಮರದ ಬೀರು ತಂದ. ಸಂದಿಗೆ ಪುಟ್ಟಿ ಮೆತ್ತಿ, ಒಳಗೆಲ್ಲ ಕಪ್ಪು ಬಣ್ಣ ಬಳಿದ. ಬಾಗಿಲ ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ ಹೊಡೆದ. ಗಾಳಿಗೆ ಕೆಳಗೊಂದು, ಮೇಲೊಂದು ತೂತು ಕೊರೆದು, ಒಂದೊಂದಕ್ಕೂ ಎರಡೆರಡು ಎಲ್ಬೊ ಪೈಪು ಜೋಡಿಸಿ ಒಳಗೆ ಕಪ್ಪು ಬಳಿದ. ಗಾಳಿ ಸುತ್ತಿ ಬರುತ್ತೆ, ಬೆಳಕು ಬರೋಲ್ಲ. ರಾತ್ರಿ ಒಳಗೆ ಟಾರ್ಚ್ ಹಚ್ಚಿಟ್ಟು ಬಾಗಿಲು ಹಾಕಿ, ಎಲ್ಲಿ ಬೆಳಕು ಸೋರುತ್ತೋ ಅಲ್ಲಿ ಮತ್ತೆ ಪುಟ್ಟಿ.

ಹೋದ ವರ್ಷ ಗಣೇಶನನ್ನು ಬಿಟ್ಟ ಮಾರನೇ ದಿನ ಶುರು. ಸಂಜೆ 5.30ಕ್ಕೆ ಕುಂಡಗಳು ಬೀರುವಿನೊಳಗೆ, ಬೆಳಿಗ್ಗೆ 7.30ಕ್ಕೆ ಬಿಸಿಲಿಗೆ. ಒಟ್ಟು 14 ಗಂಟೆ ಗಟ್ಟಿ ಕತ್ತಲು. ನೀರು ಬೆಳಿಗ್ಗೆ ಮಾತ್ರ. ಸಂಜೆ ಹಾಕಿದರೆ ಒಳಗೆ ಬೂಷ್ಟು. ಬೀರು ನೆರಳಲ್ಲೇ ಇರಬೇಕು. ಕಾದರೆ ಹೂ ತಡ. ರಾತ್ರಿ ಬಾಗಿಲು ತೆಗೆದು ಇಣುಕುವ ಚಪಲ ಬೇಡವೇ ಬೇಡ!

ನವರಾತ್ರಿ ಹೊತ್ತಿಗೆ ಮೊಗ್ಗು ಕಂಡವು. ಮೊಗ್ಗಿಗೆ ಬಣ್ಣ ಬಂದ ಮೇಲೆ ಬೀರುವಿನ ಕೆಲಸ ಮುಗಿಯಿತು. ಐದು ಕುಂಡ ದೀಪಾವಳಿಗೆ ಅರಳಿದವು, ಉಳಿದ ಮೂರು ತುಳಸಿ ಹಬ್ಬಕ್ಕೆ.

ಆ ದೀಪವನ್ನೇ ತೆಗೆಸಬಾರದಿತ್ತೇ ಅಂದರೆ ಅಕ್ಕ ಒಪ್ಪಲಿಲ್ಲ. ಕೊನೇ ಬಸ್ಸಿಳಿದು ಬರೋ ಹೆಣ್ಮಕ್ಕಳಿಗೆ ಅದೇ ಅಲ್ಲವೇ ಧೈರ್ಯ? ನಿಜ. ದೀಪ ರಸ್ತೆಗೆ ಬೇಕು, ಕುಂಡಕ್ಕಲ್ಲ. ಮನೆ ಕಡೆಗೊಂದು ತಗಡಿನ ಮರೆ ಹಾಕಿದ್ದರೆ ಬೀರುವೇ ಬೇಕಿರಲಿಲ್ಲ. ಸಂಬಂಧಪಟ್ಟವರು ಒಮ್ಮೆ ತಲೆ ಎತ್ತಿ ನೋಡುವರೇ?