ಚಾಮುಂಡಿ ಬೆಟ್ಟ: ಗಟ್ಟಿ ಕಲ್ಲು, ತೆಳು ಮಣ್ಣು

ಮೈಸೂರಿಗೆ ಯಾವ ದಿಕ್ಕಿನಿಂದ ಬಂದರೂ ಊರಿಗಿಂತ ಮೊದಲು ಕಣ್ಣಿಗೆ ಬೀಳುವುದು ಚಾಮುಂಡಿ ಬೆಟ್ಟ. ಅದರ ಎತ್ತರ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್. ಮೈಸೂರು ನಗರವೇ 770 ಮೀಟರ್ ಎತ್ತರದಲ್ಲಿರುವುದರಿಂದ ಬೆಟ್ಟ ಊರಿನಿಂದ ಮೇಲಕ್ಕೆ ಏರಿರುವುದು 300 ಮೀಟರ್‌ಗಿಂತ ಕೊಂಚವೇ ಕಡಿಮೆ. ಮುಳ್ಳಯ್ಯನಗಿರಿ, ಕುದುರೆಮುಖಗಳ ಮುಂದೆ ಇದು ಲೆಕ್ಕಕ್ಕೆ ಬರುವ ಎತ್ತರವಲ್ಲ. ಆದರೆ ಸುತ್ತ ಹರಡಿದ ಬಯಲಿನ ನಡುವೆ ಒಂಟಿಯಾಗಿ ನಿಂತಿರುವುದರಿಂದ ಇದಕ್ಕೊಂದು ಗಾಂಭೀರ್ಯ ಬಂದಿದೆ.

ದೇವಿಯ ದರ್ಶನಕ್ಕೆಂದು ಬೆಟ್ಟ ಹತ್ತುವವರು ಲಕ್ಷಾಂತರ ಮಂದಿ. ಅವರ ಪಾದದ ಕೆಳಗಿರುವ ಕಲ್ಲಿಗೂ ಒಂದು ಚರಿತ್ರೆ ಇದೆ. ದೇವಾಲಯದ ಚರಿತ್ರೆ ಶತಮಾನಗಳದಾದರೆ ಇದು ಕೋಟಿಗಟ್ಟಲೆ ವರ್ಷಗಳದು.

ಬೆಟ್ಟ ಹುಟ್ಟಿದ ಬಗೆ

ಮೈಸೂರು ಸೀಮೆಯ ನೆಲದ ಬುಡದಲ್ಲಿರುವುದು ಬಹುಮಟ್ಟಿಗೆ ‘ನೈಸ್’ ಎಂಬ ಪಟ್ಟೆಪಟ್ಟೆಯಾದ ಶಿಲೆ. ಬೆಂಗಳೂರಿನ ಲಾಲ್‌ಬಾಗಿನ ಹೆಬ್ಬಂಡೆ ಇದೇ ಜಾತಿಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ರಾಮನಗರದ ಬೆಟ್ಟಗಳ ಗ್ರಾನೈಟು ಸುಮಾರು 250 ಕೋಟಿ ವರ್ಷ ಹಳೆಯದು. ಇವುಗಳ ಸಾಲಿನಲ್ಲಿ ಚಾಮುಂಡಿ ಬೆಟ್ಟ ತೀರ ಕಿರಿಯ. ಇಲ್ಲಿನ ನಸುಗೆಂಪು ಗ್ರಾನೈಟಿನ ವಯಸ್ಸು ಸುಮಾರು 80 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಭೂಮಿಯ ಒಡಲಿನಲ್ಲಿ ಕರಗಿದ್ದ ಶಿಲಾಪಾಕ ಹಳೆಯ ನೈಸ್ ಪದರಗಳನ್ನು ಸೀಳಿಕೊಂಡು ಮೇಲಕ್ಕೆ ನುಗ್ಗಿತು. ನೆಲದ ಮೇಲಕ್ಕೆ ಬರಲಾಗದೆ ಆಳದಲ್ಲಿಯೇ ನಿಂತು ಬಹಳ ನಿಧಾನವಾಗಿ ತಣ್ಣಗಾಯಿತು. ಹಾಗೆ ನಿಧಾನವಾಗಿ ತಣಿದುದರಿಂದಲೇ ಕಲ್ಲಿನ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪವಾಗಿವೆ. ಗಾಜಿನಂತೆ ಮಿನುಗುವುದು ಬೆಣಚು, ನಸುಗೆಂಪಾಗಿರುವುದು ಫೆಲ್ಸ್‌ಪಾರ್, ಕಪ್ಪು ಚುಕ್ಕೆಗಳಂತಿರುವುದು ಅಭ್ರಕದಂಥ ಖನಿಜಗಳು.

ಆಮೇಲೆ ಕೋಟ್ಯಂತರ ವರ್ಷ ಮಳೆ, ಬಿಸಿಲು, ಗಾಳಿಗಳು ಮೇಲಿನ ನೆಲವನ್ನು ಸವೆಸಿದವು. ಸುತ್ತಲ ಶಿಲೆ ಬೇಗ ಸವೆದು ತಗ್ಗಾಯಿತು. ಗ್ರಾನೈಟು ಅಷ್ಟು ಸುಲಭವಾಗಿ ಮಣಿಯಲಿಲ್ಲ. ಹೀಗೆ ಬಯಲು ತಗ್ಗಿದಂತೆ ಬೆಟ್ಟ ಎದ್ದು ಕಂಡಿತು.

ಗ್ರಾನೈಟೂ ಸವೆಯದೆ ಇರುವುದಿಲ್ಲ. ಅದರಲ್ಲಿ ಉದ್ದುದ್ದ, ಅಡ್ಡಡ್ಡ ಬಿರುಕುಗಳಿರುತ್ತವೆ. ಅವುಗಳಲ್ಲಿ ಇಳಿದ ಮಳೆನೀರು ಫೆಲ್ಸ್‌ಪಾರನ್ನು ಮೆಲ್ಲಗೆ ಜೇಡಿಯಾಗಿ ಮಾಡುತ್ತದೆ. ಬೆಣಚು ಮರಳಾಗಿ ಉದುರುತ್ತದೆ. ಚೌಕಾಕಾರದ ಕಲ್ಲಿನ ಅಂಚುಗಳು ಮೊದಲು ಕರಗಿ, ಒಳಗಿನ ಗಟ್ಟಿ ಭಾಗ ಗುಂಡಾಗಿ ಉಳಿಯುತ್ತದೆ. ಬೆಟ್ಟದ ಮೈಮೇಲೆ ಯಾರೋ ತಂದು ಇಟ್ಟಂತೆ ಕಾಣುವ ಗುಂಡುಗಳೆಲ್ಲ ಹೀಗೆ ಆದವು. ಅವುಗಳ ನಡುವೆ ತುಂಬಿಕೊಂಡಿರುವ ಮರಳು ಮಿಶ್ರಿತ ಜೇಡಿಯೇ ಬೆಟ್ಟದ ಮಣ್ಣು. ಇದು ತೆಳುವಾದ ಹೊದಿಕೆ. ಇಳಿಜಾರಿನಲ್ಲಿ ಇದನ್ನು ಹಿಡಿದು ನಿಲ್ಲಿಸಿರುವುದು ಗಿಡಮರಗಳ ಬೇರು.

ಮಬ್ಬಲ ತೀರ್ಥದಿಂದ ಚಾಮುಂಡಿಗೆ

ಬೆಟ್ಟಕ್ಕೆ ಮೊದಲಿನಿಂದಲೂ ಚಾಮುಂಡಿಯ ಹೆಸರಿರಲಿಲ್ಲ. ಇಲ್ಲಿನ ಅತ್ಯಂತ ಹಳೆಯ ಗುಡಿ ಮಹಾಬಲೇಶ್ವರನದು. ಆ ದೇವರಿಂದಾಗಿ ಬೆಟ್ಟಕ್ಕೆ ಮಹಾಬಲಾದ್ರಿ, ಮಬ್ಬಲ ತೀರ್ಥ ಎಂಬ ಹೆಸರುಗಳಿದ್ದವು. ಹೊಯ್ಸಳರ ಕಾಲಕ್ಕಾಗಲೇ ಇದು ಹೆಸರಾದ ತೀರ್ಥವಾಗಿತ್ತು. ಇಂದು ಚಾಮುಂಡೇಶ್ವರಿಯ ದರ್ಶನ ಮುಗಿಸಿ ಹೊರಡುವ ಬಹಳಷ್ಟು ಮಂದಿಗೆ ಪಕ್ಕದಲ್ಲೇ ಇರುವ ಈ ಹಳೆಯ ಗುಡಿಯ ಪರಿಚಯವಿಲ್ಲ.

ದೇವಿಗೆ ಪ್ರಾಶಸ್ತ್ಯ ಬಂದದ್ದು ಮೈಸೂರು ಒಡೆಯರ ಏಳಿಗೆಯೊಂದಿಗೆ. ಬೋಳ ಚಾಮರಾಜ ಒಡೆಯರು ಬೆಟ್ಟದಲ್ಲಿದ್ದಾಗ ಸಿಡಿಲು ಬಡಿದು, ತಲೆಗೂದಲು ಹೋಗಿ ಜೀವ ಉಳಿಯಿತೆಂಬ ಐತಿಹ್ಯವಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣಕ್ಕೆ ರಾಜಧಾನಿಯನ್ನು ಬದಲಾಯಿಸಿದರೂ ಬೆಟ್ಟದ ತಾಯಿ ಮನೆದೇವತೆಯಾಗಿಯೇ ಉಳಿದಳು.

1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಬೆಟ್ಟಕ್ಕೆ ಸಾವಿರ ಮೆಟ್ಟಿಲುಗಳಾದವು. ಅರ್ಧ ದಾರಿ ಕಳೆದ ಮೇಲೆ ಎದುರಾಗುವ ನಂದಿಯೂ ಅವರ ಕಾಲದ್ದೇ. ಸುಮಾರು 16 ಅಡಿ ಎತ್ತರ, 25 ಅಡಿ ಉದ್ದದ ಈ ಬಸವನನ್ನು ಎಲ್ಲಿಂದಲೂ ಹೊತ್ತು ತಂದದ್ದಲ್ಲ. ಅಲ್ಲಿಯೇ ಇದ್ದ ಒಂದು ದೊಡ್ಡ ಗುಂಡನ್ನು ಶಿಲ್ಪಿಗಳು ಕಡೆದರು. ಎಣ್ಣೆಯ ಜಿಡ್ಡು ಕಟ್ಟಿ ಮೈ ಕಪ್ಪಾದರೂ ಒಳಗಿರುವುದು ಬೆಟ್ಟದ ಗ್ರಾನೈಟೇ. ನಿಸರ್ಗ ಅರ್ಧ ಮಾಡಿಟ್ಟ ಕೆಲಸವನ್ನು ಉಳಿ ಪೂರೈಸಿತೆನ್ನಬಹುದು.

1799ರ ನಂತರ ಮೈಸೂರು ಮತ್ತೆ ರಾಜಧಾನಿಯಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿ, ಏಳು ಅಂತಸ್ತಿನ ಗೋಪುರ ಕಟ್ಟಿಸಿದರು. ರಾಣಿಯರೊಂದಿಗೆ ಕೈಮುಗಿದು ನಿಂತ ಅವರ ವಿಗ್ರಹವನ್ನು ಇಂದಿಗೂ ಗುಡಿಯೊಳಗೆ ಕಾಣಬಹುದು. ಅರಸೊತ್ತಿಗೆ ಕಳೆದ ಮೇಲೆ ವಿಜಯದಶಮಿಯ ಚಿನ್ನದ ಅಂಬಾರಿಯಲ್ಲಿ ಅರಸರ ಜಾಗಕ್ಕೆ ಬಂದವಳು ಈ ತಾಯಿಯೇ.

ಇದು ಅರಮನೆಯ ಕಥೆಯಾದರೆ, ಹಳ್ಳಿಗರ ಚಾಮುಂಡಿಯ ಕಥೆ ಬೇರೆ. ಜನಪದ ಕಾವ್ಯದಲ್ಲಿ ಆಕೆ ನಂಜನಗೂಡಿನ ನಂಜುಂಡನಿಗೆ ಒಲಿದವಳು. ಬೆಟ್ಟದ ತಪ್ಪಲಿನ ಉತ್ತನಹಳ್ಳಿಯ ಮಾರಮ್ಮ ಆಕೆಯ ತಂಗಿ. ನಂಜುಂಡನ ಮನೆಯಲ್ಲಿ ಹೆಂಡತಿಯರಿರುವುದರಿಂದ ಜಗಳ, ಮುನಿಸು, ರಾಜಿ ಎಲ್ಲವೂ ಅಲ್ಲಿ ಉಂಟು. ಬೆಟ್ಟ, ತಪ್ಪಲಿನ ಹಳ್ಳಿ ಮತ್ತು ಕಪಿಲೆಯ ದಂಡೆಯನ್ನು ಜನ ಹೀಗೆ ಒಂದೇ ಸಂಸಾರದ ನಂಟಿನಲ್ಲಿ ಕಟ್ಟಿಹಾಕಿದ್ದಾರೆ.

ಕಾಡು ಮತ್ತು ನೀರು

ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 80 ಸೆಂಟಿಮೀಟರ್ ಆಸುಪಾಸು. ಆದ್ದರಿಂದ ಬೆಟ್ಟದ ಕಾಡು ಮಲೆನಾಡಿನಂತೆ ದಟ್ಟವಲ್ಲ. ಎಲೆಯುದುರಿಸುವ ಮರಗಳ ಮತ್ತು ಕುರುಚಲಿನ ಕಾಡು. ಬೇಸಿಗೆಯಲ್ಲಿ ಒಣಗಿ ಬೋಳಾಗಿ ಕಂಡದ್ದು ನಾಲ್ಕು ಮಳೆ ಬಿದ್ದೊಡನೆ ಹಸಿರಾಗುತ್ತದೆ. ನವಿಲುಗಳಿವೆ. ಚಿರತೆಗಳೂ ಇವೆ, ಆಗಾಗ ರಸ್ತೆಯಲ್ಲಿ ಕಾಣಿಸಿಕೊಂಡು ಸುದ್ದಿಯಾಗುತ್ತವೆ. ಬೆಟ್ಟದ ಬಹುಭಾಗ ಮೀಸಲು ಅರಣ್ಯ. ಲಂಟಾನದ ಪೊದೆ ಹಬ್ಬಿದ ಕಡೆ ಹುಟ್ಟುಸಸಿಗಳಿಗೆ ಜಾಗವಿಲ್ಲ. ಬೇಸಿಗೆಯ ಬೆಂಕಿ ಅಳಿದುಳಿದ ಸಸಿಗಳನ್ನು ಸುಡುತ್ತದೆ.

ಈ ಕಾಡಿನ ಉಪಯೋಗ ಊರಿಗೆ ನೇರವಾಗಿ ತಟ್ಟುವುದು ನೀರಿನ ಮೂಲಕ. ಇಳಿಜಾರಿನ ಮಣ್ಣಿನಲ್ಲಿ ಇಂಗಿ ಉಳಿದ ನೀರು ನಿಧಾನವಾಗಿ ಕೆಳಗಿಳಿಯುತ್ತದೆ. ತಪ್ಪಲಿನ ಕಾರಂಜಿ ಕೆರೆಗೆ ಬೆಟ್ಟದ ನೀರೇ ಆಧಾರ. ಅರಮನೆಗೂ ಬೆಟ್ಟಕ್ಕೂ ನಡುವೆ ಒಂದು ಕಾಲದಲ್ಲಿ ದೊಡ್ಡಕೆರೆಯೂ ಇತ್ತು. ಇಂದು ಅದು ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನ. ಹೆಸರಿನಲ್ಲಷ್ಟೇ ಕೆರೆ ಉಳಿದಿದೆ.

ಮಣ್ಣು ಜಾರಿದಾಗ

2021ರ ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ಜೋರು ಮಳೆಯಾಯಿತು. ನಂದಿಯ ಕಡೆಗೆ ಹೋಗುವ ರಸ್ತೆಯ ಅಂಚು ಕುಸಿಯಿತು. ನವೆಂಬರಿನಲ್ಲಿ ಕುಸಿತ ಇನ್ನಷ್ಟು ಹಬ್ಬಿತು. ವಾಹನ ಸಂಚಾರ ನಿಲ್ಲಿಸಬೇಕಾಯಿತು. ಗ್ರಾನೈಟಿನ ಬೆಟ್ಟ ಕುಸಿಯುವುದೆಂದರೇನು ಎಂದು ಜನ ಅಚ್ಚರಿಪಟ್ಟರು.

ಕುಸಿದದ್ದು ಬಂಡೆಯಲ್ಲ, ಅದರ ಮೇಲಿನ ಹೊದಿಕೆ. ಇಳಿಜಾರನ್ನು ಕಡಿದು ರಸ್ತೆ ಮಾಡಿದಾಗ ಮಣ್ಣಿನ ಬುಡದ ಆಸರೆ ತಪ್ಪುತ್ತದೆ. ಮೇಲಿನಿಂದ ಹರಿದು ಬರುವ ನೀರಿಗೆ ಸರಿಯಾದ ಚರಂಡಿ ಇಲ್ಲದಿದ್ದರೆ ಅದು ಮಣ್ಣಿನೊಳಗೆ ಇಳಿಯುತ್ತದೆ. ನೆನೆದ ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ. ಕೆಳಗಿನ ಬಂಡೆಯ ನುಣುಪಾದ ಮೈ ಮೇಲೆ ಅದು ಜಾರುವುದು ಸಹಜ. ಬೇರುಗಳಿದ್ದರೆ ತಡೆಯುತ್ತಿದ್ದವು; ಕಾಂಕ್ರೀಟು ಆ ಕೆಲಸ ಮಾಡಲಾರದು.

ಮರುವರ್ಷ ಬೆಟ್ಟಕ್ಕೆ ರೋಪ್‌ವೇ ಹಾಕುವ ಯೋಜನೆ ಸುದ್ದಿಯಾಯಿತು. ಮೈಸೂರಿನ ಅನೇಕರು ವಿರೋಧಿಸಿದರು. 2022ರಲ್ಲೇ ಅದನ್ನು ಕೈಬಿಡಲಾಯಿತು. ಆದರೂ ಆಷಾಢ ಶುಕ್ರವಾರಗಳಲ್ಲಿ, ದಸರೆಯಲ್ಲಿ ಸೇರುವ ಭಕ್ತರಿಗೆ ಅನುಕೂಲ ಬೇಕೆಂಬ ಮಾತು ನಿಂತಿಲ್ಲ. ಆ ಮಾತಿನಲ್ಲಿ ನ್ಯಾಯವಿಲ್ಲವೆನ್ನಲಾಗದು. ವಯಸ್ಸಾದವರೂ ತಾಯಿಯ ದರ್ಶನ ಮಾಡಬೇಕು. ಬೆಟ್ಟದ ಮೇಲೆಯೇ ಒಂದು ಊರಿದೆ. ಅಲ್ಲಿನವರಿಗೂ ನೀರು, ದಾರಿ ಬೇಕು. ಆದರೆ ಪ್ರತಿಯೊಂದು ಹೊಸ ಕಟ್ಟಡ, ವಾಹನ ನಿಲ್ದಾಣ, ಅಗಲವಾದ ರಸ್ತೆ ಕೂರುವುದು ಆ ತೆಳುವಾದ ಮಣ್ಣಿನ ಮೇಲೆಯೇ. ಅದು ಎಷ್ಟು ಭಾರ ತಾಳೀತು ಎಂದು ಅಳೆದು ನೋಡುವ ಕೆಲಸ ಮೊದಲಾಗಬೇಕು.

ಬೆಟ್ಟದ ಬಂಡೆ 80 ಕೋಟಿ ವರ್ಷ ಕಂಡಿದೆ. ಮನುಷ್ಯ ಏನು ಮಾಡಿದರೂ ಇನ್ನೂ ಬಹುಕಾಲ ಅಲ್ಲಿಯೇ ಇದ್ದೀತು. ಅದರ ಮೇಲಿನ ಮಣ್ಣಿಗೆ ಆ ಆಯುಸ್ಸಿಲ್ಲ. ಒಂದು ಗೇಣು ಮಣ್ಣು ಕೂಡಲು ಸಾವಿರಾರು ವರ್ಷ ಬೇಕು; ಜಾರಿ ಹೋಗಲು ಒಂದು ರಾತ್ರಿಯ ಮಳೆ ಸಾಕು. ಬೆಟ್ಟದ ಹಸಿರು, ಕಾರಂಜಿಯ ನೀರು, ನವಿಲಿನ ಕೂಗು ಎಲ್ಲವೂ ಆ ಮಣ್ಣನ್ನು ನೆಚ್ಚಿಕೊಂಡಿವೆ. ಮುಂದಿನ ಪೀಳಿಗೆಯವರಿಗೆ ಬೆಟ್ಟ ಉಳಿಯಬೇಕೆಂದರೆ ಉಳಿಸಬೇಕಾದದ್ದು ಅದನ್ನೇ.