ಆಪತ್ತಿಗೊದಗುವ ವಿದ್ಯೆ

'ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅವರು ಬರೆಯುತ್ತಾರೆ, ನಾನು ತಿದ್ದುತ್ತೇನೆ. 2021ರ ನವೆಂಬರಿನ ಒಂದು ರಾತ್ರಿ ಆ ಗಾದೆಯೇ ನನ್ನನ್ನು ತಿದ್ದಿತು. ಯಲಹಂಕದ ನಮ್ಮ ಬಾಡಿಗೆ ಮನೆಯ ಹೊಸ್ತಿಲು ದಾಟಿ ಮಳೆನೀರು ನಡುಮನೆಗೆ ಬಂತು. ಅಲ್ಲಿ ವೃದ್ಧೆಯಾದ ನನ್ನ ತಾಯಿಯವರು ಚಾಪೆ ಹಾಸಿ ಮಲಗಿದ್ದರು. ಮಾರುದೂರದಲ್ಲಿ ನೆಲದ ಮೇಲೆಯೇ ವಿದ್ಯುತ್ತಿನ ಎಕ್ಸ್‌ಟೆನ್ಷನ್ ಬೋರ್ಡು ಇತ್ತು. ನಾನು ಮಹಡಿಯ ಮೆಟ್ಟಿಲ ಬಳಿಗೆ ಓಡಿದೆ. ಅಲ್ಲಿದ್ದ ಮೂರು ಪೆಟ್ಟಿಗೆಗಳಲ್ಲಿ ನಮ್ಮ ಮನೆಯ ಮೆಯಿನ್ ಸ್ವಿಚ್ಚು ಯಾವುದೆಂಬುದೇ ನನಗೆ ತಿಳಿದಿರಲಿಲ್ಲ. ಹತ್ತನೆಯ ತರಗತಿಯ ಮಗಳು ಬಂದು ಆರಿಸಿದಳು. ತಾಯಿಯವರು ಕ್ಷೇಮವಾಗಿ ಉಳಿದರು. ಸೂತ್ರವೆಲ್ಲ ಕಂಠಪಾಠ, ಪ್ರಯೋಗ ಮಾತ್ರ ಶೂನ್ಯವೆಂದರೆ ಇದೇ ಅಲ್ಲವೆ?

ನದಿಯೇ ಇಲ್ಲದ ಊರಿಗೆ ನೆರೆ ಎಲ್ಲಿಂದ ಬರಬೇಕೆಂದು ನೀವು ಕೇಳಬಹುದು. ನಮ್ಮ ಕೆರೆಗಳು ಒಂದಕ್ಕೊಂದು ಹೆಣೆದ ಸರಪಳಿ. ಯಲಹಂಕದ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಜಕ್ಕೂರಿನ ಕೆರೆಗೂ ಅಲ್ಲಿಂದ ರಾಚೇನಹಳ್ಳಿಯ ಕೆರೆಗೂ ಹರಿಯುತ್ತದೆ. ರಾಜಕಾಲುವೆ ಕಿರಿದಾದಲ್ಲಿ ಆ ನೀರು ತಗ್ಗಿನ ಮನೆಗಳನ್ನು ಹುಡುಕಿಕೊಳ್ಳುತ್ತದೆ. 2021ರ ನವೆಂಬರಿನಲ್ಲೂ 2024ರ ಅಕ್ಟೋಬರಿನಲ್ಲೂ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯವು ಜಲಾವೃತವಾಗಿ, ನಿವಾಸಿಗಳನ್ನು ದೋಣಿಗಳಲ್ಲಿ ಹೊರಗೆ ತರಬೇಕಾಯಿತು. ದೋಣಿ ಬರುವುದು ನಿಜ. ಆದರೆ ಅದು ಬರುವವರೆಗಿನ ಹೊತ್ತನ್ನು ಮನೆಯವರೇ ನಿಭಾಯಿಸಬೇಕು. ಆ ಹೊತ್ತಿಗೆ ಬೇಕಾದ ವಿದ್ಯೆ ದೊಡ್ಡದೇನಲ್ಲ. ಆದರೆ ಅದು ತಲೆಯಲ್ಲಿದ್ದರೆ ಸಾಲದು, ಕೈಗೆ ಬಂದಿರಬೇಕು.

ಮೊದಲನೆಯದು ವಿದ್ಯುತ್ತು. ನೀರು ಒಳಗೆ ಬರುವ ಲಕ್ಷಣ ಕಂಡೊಡನೆ, ಒಣಗಿದ ಕೈಯಿಂದ, ಒಣನೆಲದ ಮೇಲೆ ನಿಂತು ಮೆಯಿನ್ ಸ್ವಿಚ್ಚನ್ನು ಆರಿಸತಕ್ಕದ್ದು. ಅದನ್ನು ಮುಟ್ಟಲು ನೀರಿನಲ್ಲಿ ನಿಲ್ಲಬೇಕಾಗಿದ್ದರೆ ಮುಟ್ಟಲೇಬೇಡಿ. ನೀರಿನಿಂದ ದೂರ ಸರಿದು, ವಿದ್ಯುತ್ ಸಂಸ್ಥೆಯ 1912ಕ್ಕೆ ಕರೆಮಾಡಿ ಹೊರಗಿನಿಂದಲೇ ಸಂಪರ್ಕ ತಪ್ಪಿಸುವಂತೆ ಕೇಳಿರಿ.

ಎರಡನೆಯದು ಅಡುಗೆ ಅನಿಲ. ಇದು ಗಾಳಿಗಿಂತ ಭಾರ; ಸೋರಿದರೆ ಮೇಲೇರದೆ ನೆಲದಲ್ಲೇ ಹರಡಿ ಮೂಲೆಗಳಲ್ಲಿ ತಂಗುತ್ತದೆ. ಆದುದರಿಂದ ವಾಸನೆ ಬಂದಾಗ ದೀಪದ ಗುಂಡಿಯನ್ನು ಹಾಕಲೂ ಬಾರದು, ಆರಿಸಲೂ ಬಾರದು. ಸಣ್ಣ ಕಿಡಿಯೊಂದೇ ಸಾಕು. ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಗೆ ಬಂದ ಮೇಲೆ 1906ಕ್ಕೆ ತಿಳಿಸಬೇಕು.

ಮೂರನೆಯದು ನೀರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂತು. ಮೆಲ್ಲಮೆಲ್ಲಗೆ ನಮ್ಮ ಕೈ ಬಾವಿಯ ಹಗ್ಗವನ್ನು ಮರೆಯಿತು. ಇಂದಿನ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಯಂತ್ರಗಳ ಬಲದಿಂದ ಮೇಲೇರಿ ಬರುತ್ತದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಅಲ್ಲಿನ ಪಂಪ್‌ಹೌಸಿಗೇ ನೀರು ನುಗ್ಗಿ ಯಂತ್ರಗಳು ನಿಂತವು. ಬೀದಿಯ ತುಂಬ ನೀರು, ನಲ್ಲಿಯಲ್ಲಿ ಹನಿಯಿಲ್ಲ! ಕುಡಿಯುವುದಕ್ಕೂ ಅಡುಗೆಗೂ ಒಬ್ಬರಿಗೆ ದಿನಕ್ಕೆ 4 ಲೀಟರಿನಂತೆ ಹಿಡಿದರೆ ನಾಲ್ವರ ಸಂಸಾರಕ್ಕೆ ಮೂರು ದಿನಕ್ಕೆ 48 ಲೀಟರು ಬೇಕು. ಅಷ್ಟನ್ನು ಮುಚ್ಚಿದ ಪಾತ್ರೆಗಳಲ್ಲಿ ಇಟ್ಟು ಆಗಾಗ ಬದಲಿಸುತ್ತಿರಿ. ನೆರೆ ಹೊಕ್ಕ ಸಂಪಿನಲ್ಲಿ ಚರಂಡಿಯೂ ಬೆರೆತಿರುತ್ತದೆ. ಅದನ್ನು ತೊಳೆಸುವವರೆಗೆ ಆ ನೀರನ್ನು ಕುಡಿಯಲು ಬಳಸಬೇಡಿ. ನೀರು ಅನುಮಾನವೆನಿಸಿದರೆ ಬಟ್ಟೆಯಲ್ಲಿ ಸೋಸಿ, ಕೊತಕೊತನೆ ಕುದಿಯತೊಡಗಿದ ಮೇಲೂ ಒಂದು ನಿಮಿಷ ಒಲೆಯ ಮೇಲಿರಿಸಿ.

ಕೆಟ್ಟ ನೀರಿನ ಹಿಂದೆಯೇ ವಾಂತಿಭೇದಿ ಬರುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ರಕ್ತನಾಳಕ್ಕೆ ಏರಿಸುವ ಲವಣದ್ರವ ಸಾಲದೆ ಹೋಯಿತು. ವೈದ್ಯ ದಿಲೀಪ್ ಮಹಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸನ್ನು ನೀರಿನಲ್ಲಿ ಕಲಸಿ, ಅದನ್ನು ಕುಡಿಸುವ ಕೆಲಸವನ್ನು ರೋಗಿಗಳ ಬಂಧುಗಳಿಗೇ ವಹಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಬದುಕಿಸಿದ್ದು ತಾಯಂದಿರ, ಅಣ್ಣತಮ್ಮಂದಿರ ಕೈಗಳು. ಅಂಗಡಿಯ ಪೊಟ್ಟಣ ದೊರೆಯದಾಗ ಮನೆಯಲ್ಲೇ ಇಂಥ ಪಾನಕ ಮಾಡಬಹುದು: ಕುದಿಸಿ ಆರಿಸಿದ 1 ಲೀಟರು ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ. ಆದುದರಿಂದ ಕಣ್ಣಂದಾಜು ಬೇಡ, ಅಳತೆಯೇ ಇರಲಿ. ಮಗು ನಿತ್ರಾಣವಾದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಇಷ್ಟನ್ನು ಓದಿ ಪತ್ರಿಕೆಯನ್ನು ಮಡಿಸಿಟ್ಟರೆ ನಿಮ್ಮ ಗತಿಯೂ ಈ ಮೇಷ್ಟರ ಗತಿಯೇ. ತಿಂಗಳಿಗೊಂದು ಭಾನುವಾರ ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮೆಯಿನ್ ಸ್ವಿಚ್ಚನ್ನು ಮನೆಯ ದೊಡ್ಡವರೆಲ್ಲ ಸರದಿಯಂತೆ ಆರಿಸಿ ಹಾಕಲಿ. ಆ ಕತ್ತಲಲ್ಲಿ ಟಾರ್ಚು ಎಲ್ಲಿದೆ, ಅಜ್ಜಿಯ ಮಾತ್ರೆ ಎಲ್ಲಿದೆ, ಅಜ್ಜಿಯ ಕೈಹಿಡಿದು ಮಹಡಿಗೆ ಕರೆದೊಯ್ಯುವವರು ಯಾರೆಂದು ನೋಡಿಕೊಳ್ಳಿ. 112, 108ರ ಜೊತೆಗೆ ನೆರೆಮನೆಯವರ ಸಂಖ್ಯೆಯನ್ನೂ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಮೊಬೈಲು ಸತ್ತರೆ ಅದರೊಳಗಿನ ಸಂಖ್ಯೆಗಳೂ ಸತ್ತಂತೆ. ಬ್ಯಾಟರಿಯ ರೇಡಿಯೋ ಒಂದಿರಲಿ. ವಿದ್ಯುತ್ತೂ ದೂರವಾಣಿಯೂ ಕೈಕೊಟ್ಟಾಗ ಸುದ್ದಿ ತರುವುದು ಅದೇ.

ಈಗಲೂ ತರಗತಿಯಲ್ಲಿ ಅದೇ ಗಾದೆಯನ್ನು ಕೊಡುತ್ತೇನೆ. ಆದರೆ ಕೆಳಗೆ ಒಂದು ಪ್ರಶ್ನೆ ಸೇರಿಸಿದ್ದೇನೆ: 'ನಿಮ್ಮ ಮನೆಯ ಮೆಯಿನ್ ಸ್ವಿಚ್ಚು ಎಲ್ಲಿದೆ?' ಉತ್ತರ ತಿಳಿಯದ ಮಕ್ಕಳು ಮರುದಿನ ಮನೆಯಲ್ಲಿ ನೋಡಿಕೊಂಡು ಬಂದು ಹೇಳುತ್ತಾರೆ. ವಾಚಕರೂ ಒಮ್ಮೆ ಎದ್ದುಹೋಗಿ ನೋಡಿಬರಬಾರದೇಕೆ?